ಮಣ್ಣಿನ ಚಕ್ರ ಮನೆಗೆ ತರುವ ಮುನ್ನ

ಕಳೆದ ತಿಂಗಳು ಬೆಂಗಳೂರಿನಿಂದ ಗೆಳತಿಯ ಫೋನ್. ದನಿಯಲ್ಲಿ ಹೈಸ್ಕೂಲಿನ ದಿನಗಳ ಉತ್ಸಾಹ. "ಮಾರಾಯ್ತಿ, ಹತ್ತು ದಿನ ಮಣ್ಣಿನ ಪಾತ್ರೆ ಮಾಡುವ ಕ್ಲಾಸಿಗೆ ಹೋದೆ ಗೊತ್ತುಂಟಾ? ಎಷ್ಟೋ ವರ್ಷದ ನಂತರ ನನ್ನ ಕೈಯಿಂದ ಏನೋ ಒಂದು ಆಯ್ತು ಅನ್ನಿಸ್ತು. ಬಾಲ್ಕನಿಯ ಮೂಲೆ ಖಾಲಿ ಮಾಡಿ ಚಿಕ್ಕದೊಂದು ಸ್ಟುಡಿಯೋ ಮಾಡ್ತೇನೆ. ನಾಳೆಯೇ ಚಕ್ರ ಆರ್ಡರ್ ಮಾಡುವಾ ಅಂತ. ಯಾವುದು ತಕ್ಕೊಳ್ಳುದು, ಹೇಳು."

"ನಾಳೆ ಬೇಡ. ಒಂದು ವಾರ ತಡಿ" ಎಂದೆ. ಅವಳಿಗೆ ಬೇಜಾರಾಯ್ತು. ನಾನು ಅವಳ ಉತ್ಸಾಹಕ್ಕೆ ನೀರು ಹಾಕಿದೆ ಅಂದುಕೊಂಡಳೋ ಏನೋ. ಆದರೆ ನಾನು ಹಾಗೆ ಹೇಳಲು ಕಾರಣವಿತ್ತು. ನರಿಮೊಗರಿನ ನಮ್ಮ ಮನೆಯ ಅಟ್ಟದಲ್ಲಿ ಇಂಥದೇ ಉತ್ಸಾಹದಲ್ಲಿ ತರಿಸಿದ ಒಂದು ಪುಟ್ಟ ಚಕ್ರ ಒಂದೂವರೆ ವರ್ಷ ಮಲಗಿತ್ತು!

ಸ್ನೇಹಿತೆಯರೇ, ಈಗ ಮಂಗಳೂರು, ಬೆಂಗಳೂರು, ಮೈಸೂರಿನಂಥ ಊರುಗಳಲ್ಲಿ ಗೃಹಿಣಿಯರು ಮಣ್ಣಿನ ಕೆಲಸ ಕಲಿಯಲು ಹೊರಟಿದ್ದಾರೆ. ಒಳ್ಳೆಯದೇ. ಮಕ್ಕಳು ಶಾಲೆಗೆ ಹೋದ ಮೇಲಿನ ಎರಡು ಗಂಟೆಯನ್ನು ಟಿ.ವಿ. ಮುಂದೆಯೋ ಮೊಬೈಲ್ ಮುಂದೆಯೋ ಕಳೆಯುವ ಬದಲು ಕೈ ಕೆಸರು ಮಾಡಿಕೊಂಡರೆ ತಪ್ಪೇನು? ಕಲಿತವರಿಗೆ ಎರಡೇ ವಾರದಲ್ಲಿ ಬರುವ ಮುಂದಿನ ಪ್ರಶ್ನೆ, ಚಕ್ರ ಯಾವುದು ಕೊಳ್ಳಲಿ ಎಂಬುದು. ಆ ಪ್ರಶ್ನೆಗೆ ನನ್ನ ತಪ್ಪಿನಿಂದಲೇ ಶುರು ಮಾಡಿ ಉತ್ತರ ಹೇಳುತ್ತೇನೆ.

ಅಟ್ಟ ಸೇರಿದ ಚಕ್ರದ ಕಥೆ

ಪತ್ರಿಕೆಗಳಿಗೆ ಬರೆದು ಬಂದ ಗೌರವಧನವನ್ನು ಮಸಾಲೆ ಡಬ್ಬದ ಹಿಂದೆ ಕೂಡಿಡುವ ಅಭ್ಯಾಸ ನನ್ನದು. ಹಾಗೆ ಕೂಡಿದ ಹಣದಲ್ಲಿ ಇಂಟರ್‌ನೆಟ್ಟಿನಲ್ಲಿ ನೋಡಿ ಮೇಜಿನ ಮೇಲಿಡುವ ಒಂದು ಚಕ್ರ ತರಿಸಿದೆ. ಚಿತ್ರದಲ್ಲಿ ಚೆನ್ನಾಗಿತ್ತು. ಬೆಲೆಯೂ ಕಡಿಮೆ. ಮನೆಗೆ ಬಂದ ದಿನ ಹಬ್ಬ. ಅತ್ತೆ ಕೂಡ ಕುರ್ಚಿ ಎಳೆದುಕೊಂಡು ನೋಡಲು ಕೂತರು. ಎರಡು ಕಿಲೋದಷ್ಟು ಮಣ್ಣಿಟ್ಟು ಎರಡೂ ಕೈಯಲ್ಲಿ ಒತ್ತಿದೆ. ಚಕ್ರ ನಿಂತೇ ಹೋಯ್ತು! ಕೈ ತೆಗೆದರೆ ತಿರುಗುತ್ತದೆ, ಒತ್ತಿದರೆ ನಿಲ್ಲುತ್ತದೆ. ನಾಲ್ಕನೇ ದಿನ ಮೋಟಾರಿನಿಂದ ಸುಟ್ಟ ವಾಸನೆ. "ಹಿಟ್ಟು ರುಬ್ಬುವ ಗ್ರೈಂಡರಿನಷ್ಟೂ ಗಟ್ಟಿ ಇಲ್ಲವಲ್ಲ ಇದು" ಎಂದರು ಅತ್ತೆ. ಇವರು ಏನೂ ಹೇಳಲಿಲ್ಲ. ಹೇಳದೇ ಇದ್ದದ್ದೇ ಹೆಚ್ಚು ಚುಚ್ಚಿತು.

ನೋಡಿ, ಇಲ್ಲಿ ಹೋದದ್ದು ಹಣ ಮಾತ್ರ ಅಲ್ಲ. ನಮ್ಮಂಥ ಮನೆಗಳಲ್ಲಿ ಹೆಂಗಸು ತನಗೇ ಅಂತ ಒಂದು ವಸ್ತು ಕೊಳ್ಳುವುದು ಅಪರೂಪ. ಫ್ರಿಜ್, ಮಿಕ್ಸಿ, ವಾಷಿಂಗ್ ಮೆಷಿನ್ ಎಲ್ಲ ಮನೆಗೆ. ತನ್ನ ಖುಷಿಗೆ ಕೊಂಡ ಒಂದೇ ಒಂದು ವಸ್ತು ಕೈಕೊಟ್ಟರೆ ಎರಡನೆಯದನ್ನು ಕೇಳುವ ಧೈರ್ಯ ಬರುವುದಿಲ್ಲ. "ಆವತ್ತು ತಂದದ್ದು ಎಂತ ಆಯ್ತು?" ಎಂದು ಯಾರೂ ಕೇಳದಿದ್ದರೂ ನಮಗೆ ನಾವೇ ಕೇಳಿಕೊಳ್ಳುತ್ತೇವೆ. ಚಕ್ರದ ಜೊತೆ ಆಸೆಯೂ ಅಟ್ಟ ಸೇರುತ್ತದೆ. ಅದಕ್ಕೇ ಗೆಳತಿಗೆ ಒಂದು ವಾರ ತಡಿ ಎಂದದ್ದು.

ಮೊದಲು ಕೈ, ಆಮೇಲೆ ಚಕ್ರ

ನನ್ನ ಮೊದಲ ಸಲಹೆ: ಚಕ್ರವಿಲ್ಲದೆ ಎರಡು ತಿಂಗಳು ಕೆಲಸ ಮಾಡಿ.

ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ 1947ರಲ್ಲಿ ಮಾರ್ಟಿಮರ್ ವೀಲರ್ ಉತ್ಖನನ ನಡೆಸಿದಾಗ ಕೆಳಗಿನ, ಅಂದರೆ ಹಳೆಯ ಪದರಗಳಲ್ಲಿ ಸಿಕ್ಕಿದ ಮಡಕೆಗಳು ಹೆಚ್ಚಾಗಿ ಕೈಯಲ್ಲೇ ಮಾಡಿದವು. ಚಕ್ರದ ಮೇಲೆ ಮಾಡಿದವು ಅದರ ಮೇಲಿನ ಪದರದಲ್ಲಿ ಬಂದವು. ಮಣಿಪುರದ ಆಂದ್ರೋ ಊರಿನ ಹೆಂಗಸರು ಇವತ್ತಿಗೂ ಚಕ್ರವಿಲ್ಲದೆ ಮಡಕೆ ಮಾಡುತ್ತಾರೆ. ಮಣ್ಣನ್ನು ತಿರುಗಿಸುವ ಬದಲು ತಾವೇ ಅದರ ಸುತ್ತ ತಿರುಗುತ್ತಾರೆ. ಹಾಗಿರುವಾಗ ನಮಗೆ ಮೊದಲ ದಿನವೇ ಮೋಟಾರು ಯಾಕೆ?

ಅಡುಗೆಮನೆ ಗೊತ್ತಿದ್ದವರಿಗೆ ಕೈಕೆಲಸ ಕಷ್ಟವೇ ಅಲ್ಲ. ಉಂಡೆ ಮಾಡಿ ನಡುವೆ ಹೆಬ್ಬೆರಳು ಒತ್ತಿ, ಕಡುಬಿನ ಕಣಕ ತಟ್ಟಿದ ಹಾಗೆ ಅಂಚು ತೆಳ್ಳಗೆ ಮಾಡುತ್ತಾ ಬಂದರೆ ಒಂದು ಬಟ್ಟಲು. ಚಕ್ಕುಲಿಯ ಎಳೆಯಂತೆ ಹೊಸೆದು ಸುತ್ತಿನ ಮೇಲೆ ಸುತ್ತು ಕೂರಿಸಿದರೆ ಒಂದು ಹೂಜಿ. ಲಟ್ಟಣಿಗೆಯಲ್ಲಿ ಲಟ್ಟಿಸಿ ಕತ್ತರಿಸಿ ಅಂಟಿಸಿದರೆ ಒಂದು ಟ್ರೇ. ಮಣ್ಣು ಯಾವಾಗ ಒಡೆಯುತ್ತದೆ, ಎಷ್ಟು ನೀರು ಬೇಕು, ನೆರಳಲ್ಲಿ ಎಷ್ಟು ದಿನ ಒಣಗಿಸಬೇಕು ಎಂಬುದೆಲ್ಲ ಇಲ್ಲೇ ಗೊತ್ತಾಗುತ್ತದೆ. ಎರಡು ತಿಂಗಳ ನಂತರವೂ ಬೆಳಿಗ್ಗೆ ಎದ್ದಾಗ ಮಣ್ಣಿನ ನೆನಪು ಬಂದರೆ ಆಗ ಚಕ್ರದ ಮಾತು.

ಆಮೇಲೆ ಬೇರೆಯವರ ಚಕ್ರದ ಮೇಲೆ ಕನಿಷ್ಠ ಹತ್ತು ಸಲ ಕೂತು ನೋಡಿ. ಮೊದಲ ಮೂರು ಸಲ ಮಣ್ಣು ಚಕ್ರದ ನಡುವಿಗೇ ಬರುವುದಿಲ್ಲ. ಐದನೆಯ ಸಲಕ್ಕೆ ಬೆನ್ನು ನೋಯುತ್ತದೆ. ಹತ್ತನೆಯ ಸಲಕ್ಕೆ ನಿಮಗೆ ಎಂಥ ಚಕ್ರ ಆಗುತ್ತದೆ ಎಂಬುದನ್ನು ನಿಮ್ಮ ಮೈಯೇ ಹೇಳುತ್ತದೆ.

ಮೂರು ಬಗೆ

ಚಕ್ರಕ್ಕೆ ಕನ್ನಡದಲ್ಲಿ ತಿಗರಿ ಎಂಬ ಚೆಂದದ ಹೆಸರುಂಟು. ಇವತ್ತು ಸಿಗುವ ತಿಗರಿಗಳನ್ನು ಮೂರು ಗುಂಪು ಮಾಡಬಹುದು.

ಒಂದು, ನಮ್ಮ ಕುಂಬಾರರ ಹಳೆಯ ಚಕ್ರ. ನೆಲಮಟ್ಟದಲ್ಲಿ ಒಂದು ಮೊಳೆಯ ಮೇಲೆ ಕೂತಿರುವ ಭಾರವಾದ ಗಾಲಿ. ಕೋಲು ಸಿಕ್ಕಿಸಿ ರಭಸದಿಂದ ತಿರುಗಿಸಿ ಬಿಟ್ಟರೆ ತನ್ನ ಭಾರಕ್ಕೆ ತಾನೇ ಸುಮಾರು ಹೊತ್ತು ತಿರುಗುತ್ತದೆ. ಕರೆಂಟು ಬೇಡ, ಕೆಡುವುದಕ್ಕೆ ಏನೂ ಇಲ್ಲ. ಆದರೆ ಕುಕ್ಕರುಗಾಲಲ್ಲಿ ಕೂರಬೇಕು, ಬಗ್ಗಬೇಕು, ವೇಗ ಇಳಿದಾಗಲೆಲ್ಲ ಎದ್ದು ಕೋಲು ಹಿಡಿಯಬೇಕು. ನಲವತ್ತರ ಹತ್ತಿರ ಬಂದ, ಎರಡು ಹೆರಿಗೆ ಆದ ನಮ್ಮ ಸೊಂಟಕ್ಕೆ ಇದು ಹೇಳಿಸಿದ್ದಲ್ಲ.

ಎರಡು, ಕಾಲಿನಿಂದ ಒದೆಯುವ ಚಕ್ರ. ಮೇಲೆ ಮಣ್ಣಿಡುವ ತಟ್ಟೆ, ಕೆಳಗೆ ಭಾರದ ಗಾಲಿ, ನಡುವೆ ಕಬ್ಬಿಣದ ಕಂಬ. ಕುರ್ಚಿಯಂಥ ಆಸನದಲ್ಲಿ ಕೂತು ಪಾದದಿಂದ ತಳ್ಳುತ್ತಿರಬೇಕು. ಸದ್ದಿಲ್ಲ, ಕರೆಂಟ್ ಬಿಲ್ ಇಲ್ಲ, ಕಲಿಯುವವರಿಗೆ ನಿಧಾನದ ಶಿಸ್ತು ಬರುತ್ತದೆ. ಅಂಗಳ, ಚಾವಡಿ ಇರುವ ಮನೆಗೆ ಒಳ್ಳೆಯದು. ಆದರೆ ಜಾಗ ಹೆಚ್ಚು ತಿನ್ನುತ್ತದೆ, ಒಮ್ಮೆ ಇಟ್ಟಲ್ಲಿಂದ ಅಲುಗಾಡಿಸುವುದು ಕಷ್ಟ. ಮಂಡಿನೋವು ಇದ್ದವರು ದೂರವಿರಿ. ಬಾಡಿಗೆ ಮನೆಯವರೂ ಯೋಚಿಸಿ.

ಮೂರು, ವಿದ್ಯುತ್ ಚಕ್ರ. ನಗರದ ಫ್ಲ್ಯಾಟಿನಲ್ಲಿ ಇರುವವರಿಗೆ ಕೊನೆಗೆ ಉಳಿಯುವ ಆಯ್ಕೆ ಇದೇ. ಆದ್ದರಿಂದ ಇದರ ಬಗ್ಗೆ ಸ್ವಲ್ಪ ವಿವರವಾಗಿ ನೋಡೋಣ.

ಮೋಟಾರು ನೋಡಿ, ಬಣ್ಣ ಅಲ್ಲ

ಹೊಸ ಗ್ರೈಂಡರ್ ಕೊಳ್ಳುವಾಗ ನಾವು ಏನು ನೋಡುತ್ತೇವೆ? ಕಲ್ಲು ಗಟ್ಟಿ ಉಂಟಾ, ಉದ್ದಿನ ಹಿಟ್ಟು ಗಟ್ಟಿಯಾದಾಗ ನಿಲ್ಲುತ್ತದಾ ಎಂದು. ಚಕ್ರಕ್ಕೂ ಅದೇ ಪರೀಕ್ಷೆ. ಬರಿದೇ ತಿರುಗುವುದನ್ನು ನೋಡಿ ಮರುಳಾಗಬೇಡಿ. ಅಂಗಡಿಗೆ ಹೋಗುವಾಗ ಎರಡು ಮೂರು ಕಿಲೋ ನಾದಿದ ಮಣ್ಣು ಕೊಂಡುಹೋಗಿ. ತಟ್ಟೆಯ ಮೇಲಿಟ್ಟು ವೇಗ ಕಡಿಮೆ ಮಾಡಿ ಎರಡೂ ಕೈಯಲ್ಲಿ ಒತ್ತಿ. ನಿಧಾನ ವೇಗದಲ್ಲಿ ಒತ್ತಿದಾಗ ನಿಲ್ಲದ, ಜಗ್ಗದ ಚಕ್ರವೇ ಒಳ್ಳೆಯ ಚಕ್ರ. ನಾನು ಈ ಒಂದು ಪರೀಕ್ಷೆ ಮಾಡಿದ್ದರೆ ಅಟ್ಟದ ಕಥೆಯೇ ಇರುತ್ತಿರಲಿಲ್ಲ. ಪರೀಕ್ಷೆ ಮಾಡಲು ಬಿಡದ ಅಂಗಡಿಯಿಂದ ಎದ್ದು ಬನ್ನಿ.

ಶಕ್ತಿಯನ್ನು ಸಾಮಾನ್ಯವಾಗಿ ಎಚ್.ಪಿ.ಯಲ್ಲಿ ಹೇಳುತ್ತಾರೆ. 1 ಎಚ್.ಪಿ. ಅಂದರೆ 746 ವಾಟ್. ಮನೆಯಲ್ಲಿ ಬಟ್ಟಲು, ಕಪ್ಪು, ಹೂಜಿ, ಪುಟ್ಟ ಮಡಕೆ ಮಾಡುವವರಿಗೆ ಅರ್ಧ ಎಚ್.ಪಿ. ಧಾರಾಳ ಸಾಕು. ದೊಡ್ಡ ಹೂಕುಂಡ ಮಾಡುವ ಆಲೋಚನೆ ಇದ್ದವರು ಮಾತ್ರ ಅದಕ್ಕಿಂತ ಮೇಲೆ ಹೋಗಿ. "ನಮ್ಮ ಮಿಕ್ಸಿಯೇ 750 ವಾಟ್, ಇದು ಅದಕ್ಕಿಂತ ಕಡಿಮೆಯಾ?" ಎಂದು ಕೇಳಬೇಡಿ. ಮಿಕ್ಸಿ ಐದು ನಿಮಿಷದ ಅಬ್ಬರಕ್ಕೆ ಇರುವುದು. ಚಕ್ರ ಎರಡು ಗಂಟೆ ನಿಧಾನವಾಗಿ, ಬಿಸಿಯಾಗದೆ ತಿರುಗಬೇಕು. ಆದ್ದರಿಂದ ಒಂದು ಗಂಟೆ ಓಡಿಸಿ ಮೋಟಾರು ಮುಟ್ಟಿ ನೋಡಿ. ಕೈ ಸುಡುವಷ್ಟು ಬಿಸಿಯಾದರೆ ಬೇಡ.

ವೇಗ ಸೊನ್ನೆಯಿಂದ ನಿಮಿಷಕ್ಕೆ ಸುಮಾರು 250 ಸುತ್ತಿನವರೆಗೆ ಇದ್ದರೆ ನಮಗೆ ಸಾಕೋ ಸಾಕು. ಮುಖ್ಯವಾದದ್ದು ಗರಿಷ್ಠ ವೇಗ ಅಲ್ಲ, ವೇಗ ನಯವಾಗಿ ಏರಿ ಇಳಿಯುವುದು. ಹೊಲಿಗೆ ಮೆಷಿನಿನ ಪೆಡಲ್ ಹಾಗೆ, ಕಾಲು ಸ್ವಲ್ಪ ಒತ್ತಿದರೆ ಸ್ವಲ್ಪ, ಹೆಚ್ಚು ಒತ್ತಿದರೆ ಹೆಚ್ಚು. ಒಮ್ಮೆಲೇ ಜಿಗಿಯುವ ಪೆಡಲ್ ಇದ್ದರೆ ತೆಳ್ಳಗಿನ ಅಂಚು ಕ್ಷಣದಲ್ಲಿ ಹರಿದುಹೋಗುತ್ತದೆ.

ಮೋಟಾರಿನಿಂದ ತಟ್ಟೆಗೆ ಶಕ್ತಿ ಹೋಗುವ ಬಗೆ ಎರಡು. ಬೆಲ್ಟಿನ ಚಕ್ರದ ಬೆಲೆ ಕಡಿಮೆ, ರಿಪೇರಿ ಸುಲಭ. ಬೆಲ್ಟು ಸವೆದರೆ ಅದೇ ಅಳತೆಯದು ತಂದು ಹಾಕಿದರಾಯಿತು. ಮೋಟಾರೇ ನೇರವಾಗಿ ತಟ್ಟೆಯನ್ನು ತಿರುಗಿಸುವ ಚಕ್ರ ಬಹಳ ನಿಶ್ಶಬ್ದ. ಜಪಾನಿನ ಶಿಂಪೊ ಕಂಪೆನಿಯ ಕೆಲವು ಚಕ್ರಗಳು ಇದಕ್ಕೇ ಹೆಸರುವಾಸಿ. ಆದರೆ ಆಮದಾದದ್ದರ ಬೆಲೆ ಲಕ್ಷದ ಲೆಕ್ಕ, ಕೆಟ್ಟರೆ ಬಿಡಿಭಾಗಕ್ಕೆ ಕಾಯಬೇಕು. ದೇಶೀಯ ಚಕ್ರಗಳು ಹತ್ತಾರು ಸಾವಿರದಲ್ಲಿ ಮುಗಿಯುತ್ತವೆ. ಊರಿನ ಮೋಟಾರ್ ರಿವೈಂಡಿಂಗ್ ಅಂಗಡಿಯವನಿಗೆ ಬಿಚ್ಚಲು ಗೊತ್ತಾಗುವ ಚಕ್ರವೇ ನನ್ನ ಪ್ರಕಾರ ನಮಗೆ ಸರಿಯಾದ ಚಕ್ರ. ವಿದೇಶದಲ್ಲಿರುವ ಅಣ್ಣನೋ ಭಾವನೋ ತಂದುಕೊಡುತ್ತೇನೆ ಎಂದರೆ ವೋಲ್ಟೇಜ್ ಕೇಳಿ. ಅಮೆರಿಕದ ಮನೆಗಳಲ್ಲಿ ಸುಮಾರು 120 ವೋಲ್ಟ್, ನಮ್ಮಲ್ಲಿ 230. ನೇರ ಸಿಕ್ಕಿಸಿದರೆ ಹೊಗೆ ಬರುವುದೊಂದೇ!

ಇನ್ನು ಸಣ್ಣ ವಿಷಯಗಳು. ತಟ್ಟೆ 12 ಇಂಚು ಅಗಲ ಇರಲಿ. ಕೆಸರು ನೀರು ಬೀಳುವ ತೊಟ್ಟಿ ಎರಡು ಭಾಗವಾಗಿ ಬಿಚ್ಚಿ ತೊಳೆಯುವಂತಿರಲಿ, ಇಲ್ಲದಿದ್ದರೆ ದಿನಾ ಅದರೊಳಗೆ ಕೈ ತೂರಿಸಿ ಗೀಚುವುದೇ ಕೆಲಸ. ಎರಡೂ ದಿಕ್ಕಿಗೆ ತಿರುಗಿಸುವ ಸ್ವಿಚ್ ಇದ್ದರೆ ಎಡಗೈ ಬಳಕೆಯ ಮಗಳಿಗೂ ಆಗುತ್ತದೆ.

ಸೀರೆ ಸೆರಗು, ಬಳೆ, ಬೆನ್ನು

ಕಂಪೆನಿಯ ಪುಸ್ತಕದಲ್ಲಿ ಇರದ ಮಾತುಗಳು ಇವು. ಚಕ್ರದ ಮುಂದೆ ಸೆರಗು, ದುಪ್ಪಟ್ಟಾ ಬೇಡ. ಸೀರೆ ಉಟ್ಟಿದ್ದರೆ ಸೆರಗು ಬಿಗಿಯಾಗಿ ಸಿಕ್ಕಿಸಿ, ಮೇಲಿಂದ ಏಪ್ರನ್ ಕಟ್ಟಿ. ಬೆಲ್ಟು ಹೊರಗೆ ಕಾಣುವ ಚಕ್ರವನ್ನಂತೂ ಕೊಳ್ಳಲೇಬೇಡಿ. ಜಡೆ ಮೇಲಕ್ಕೆ ಕಟ್ಟಿ. ಗಾಜಿನ ಬಳೆ, ಉಂಗುರ ತೆಗೆದಿಡಿ. ಉಗುರು ಕತ್ತರಿಸಿ.

ಆಸನದ ಎತ್ತರ ಚಕ್ರದ ತಟ್ಟೆಯ ಮಟ್ಟಕ್ಕೆ ಹತ್ತಿರ ಇರಬೇಕು. ತೀರಾ ಮೇಲೆ ಕೂತರೆ ಬೆನ್ನು ಬಾಗುತ್ತದೆ, ತೀರಾ ಕೆಳಗೆ ಕೂತರೆ ಭುಜ ಸೋಲುತ್ತದೆ. ಕಾಲಿನಡಿ ಇಟ್ಟಿಗೆ ಇಟ್ಟು ಚಕ್ರ ಎತ್ತರಿಸಬಹುದಾ ಎಂದು ನೋಡಿ. ಅರ್ಧ ಗಂಟೆಗೊಮ್ಮೆ ಎದ್ದು ನಿಲ್ಲಿ. ಒಲೆಯ ಮೇಲೆ ಹಾಲಿಟ್ಟು ಚಕ್ರಕ್ಕೆ ಕೂರಬೇಡಿ. ಅನುಭವದಿಂದ ಹೇಳುತ್ತಿದ್ದೇನೆ!

ಎಲ್ಲಿಡುವುದು?

ಬಾಲ್ಕನಿ ಅಥವಾ ಬಟ್ಟೆ ಒಗೆಯುವ ಜಾಗ ಒಳ್ಳೆಯದು. ನೆಲ ಸಮತಟ್ಟಾಗಿರಲಿ. ಕೆಳಗಿನ ಮನೆಯವರಿಗೆ ಸದ್ದು ಹೋಗದಂತೆ ಅಡಿಗೆ ರಬ್ಬರ್ ಹಾಸಿ. ಇಲ್ಲಿ ಮೂರು ಎಚ್ಚರಿಕೆ ಬೇಕು.

ಮೊದಲನೆಯದು ಕರೆಂಟು. ಒದ್ದೆ ಕೈ, ಒದ್ದೆ ನೆಲ, ಮೋಟಾರು ಮೂರೂ ಒಂದೇ ಕಡೆ. ಅರ್ಥಿಂಗ್ ಸರಿಯಿದೆಯೇ ಎಂದು ಎಲೆಕ್ಟ್ರಿಷಿಯನ್ ಕರೆಸಿ ನೋಡಿಸಿ. 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ ಹಾಕಿಸಿ. ಕರೆಂಟು ಸೋರಿದ ಕೂಡಲೇ ಅದು ಸಂಪರ್ಕ ಕತ್ತರಿಸುತ್ತದೆ. ನಮ್ಮ ಪುತ್ತೂರು, ಸುಳ್ಯದ ಕಡೆಯವರಿಗೆ ಹೇಳಬೇಕಾಗಿಲ್ಲ, ಏಪ್ರಿಲ್-ಮೇ ಸಂಜೆಯ ಗುಡುಗು ಶುರುವಾದರೆ ಪ್ಲಗ್ ಕಿತ್ತಿಡಿ. ವೋಲ್ಟೇಜ್ ಇಳಿಯುವ ಊರಾದರೆ ಸ್ಟೆಬಿಲೈಸರ್ ಇರಲಿ.

ಎರಡನೆಯದು ನೀರು. ಕೆಸರು ನೀರನ್ನು ಸಿಂಕಿಗೆ ಸುರಿದರೆ ಪೈಪು ಕಟ್ಟುವುದು ಖಂಡಿತ. ಎರಡು ಬಕೆಟ್ ಇಡಿ. ರಾತ್ರಿ ಬಿಟ್ಟರೆ ಮಣ್ಣು ತಳಕ್ಕೆ ಇಳಿಯುತ್ತದೆ. ಮೇಲಿನ ತಿಳಿ ಗಿಡಕ್ಕೆ, ತಳದ ಮಣ್ಣು ಮತ್ತೆ ಕೆಲಸಕ್ಕೆ.

ಮೂರನೆಯದು ಧೂಳು. ಇದನ್ನು ಹಗುರ ಮಾಡಬೇಡಿ. ಒಣಗಿದ ಮಣ್ಣಿನ ಧೂಳಿನಲ್ಲಿ ಸಿಲಿಕಾ ಇರುತ್ತದೆ. ವರ್ಷಗಟ್ಟಲೆ ಉಸಿರಾಡಿದರೆ ಶ್ವಾಸಕೋಶಕ್ಕೆ ಸಿಲಿಕೋಸಿಸ್ ಎಂಬ ವಾಸಿಯಾಗದ ಕಾಯಿಲೆ ಬರಬಹುದು. ಆದ್ದರಿಂದ ಪೊರಕೆಯಿಂದ ಗುಡಿಸಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ. ಕೂಸು ಅಂಬೆಗಾಲಿಡುವ ಮನೆಯಲ್ಲಿ ಮಲಗುವ ಕೋಣೆಯ ಹತ್ತಿರ ಸ್ಟುಡಿಯೋ ಬೇಡವೇ ಬೇಡ.

ಚಕ್ರ ತಂದಿರಿ, ಸುಡುವುದು ಎಲ್ಲಿ?

ಎಷ್ಟೋ ಜನ ಮರೆಯುವ ಪ್ರಶ್ನೆ ಇದು. ಚಕ್ರದ ಮೇಲೆ ಎದ್ದುಬಂದ ಬಟ್ಟಲು ಬಟ್ಟಲಲ್ಲ, ಬಟ್ಟಲಿನ ಆಕಾರದ ಮಣ್ಣು. ಎಷ್ಟೇ ಬಿಸಿಲಿಗೆ ಒಣಗಿಸಿದರೂ ನೀರು ಹಾಕಿದರೆ ಕರಗುತ್ತದೆ. ನಮ್ಮ ಕೆಂಪು ಮಣ್ಣಿನ ಪಾತ್ರೆಗೆ ಸುಮಾರು 900ರಿಂದ 1,100 ಡಿಗ್ರಿ, ಸ್ಟೋನ್‌ವೇರ್ ಎಂಬ ಗಟ್ಟಿ ಪಿಂಗಾಣಿಗೆ 1,200 ಡಿಗ್ರಿಯ ಮೇಲೆ ಶಾಖ ಬೇಕು. ಮನೆಯ ಯಾವ ಓವನ್ನೂ ಅದರ ಹತ್ತಿರ ಸುಳಿಯುವುದಿಲ್ಲ.

ಲೆಕ್ಕ ನೋಡಿ. ಅರ್ಧ ಎಚ್.ಪಿ. ಚಕ್ರ ಎರಡು ಗಂಟೆ ಓಡಿದರೂ ಹೆಚ್ಚೆಂದರೆ ಒಂದು ಯೂನಿಟ್. ಅದೇ 3 ಕಿಲೋವಾಟಿನ ವಿದ್ಯುತ್ ಗೂಡು 8 ಗಂಟೆ ಪೂರ್ತಿ ಉರಿದರೆ 24 ಯೂನಿಟ್. ಗೂಡಿನ ಬೆಲೆ ಬೇರೆ. ಆದ್ದರಿಂದ ಚಕ್ರದ ಹಣ ಕೊಡುವ ಮೊದಲು ಸುಡುವ ಜಾಗ ಗೊತ್ತು ಮಾಡಿ. ಊರಿನ ಸ್ಟುಡಿಯೋದವರು ತಮ್ಮ ಗೂಡಿನಲ್ಲಿ ಬಾಡಿಗೆಗೆ ಜಾಗ ಕೊಡುತ್ತಾರಾ? ನಾಲ್ಕು ಗೆಳತಿಯರು ಸೇರಿ ಒಂದು ಗೂಡು ಇಡಬಹುದಾ? ಹತ್ತಿರದ ಕುಂಬಾರರ ಆವಿಗೆಯಲ್ಲಿ ನಿಮ್ಮ ಹತ್ತು ಬಟ್ಟಲಿಗೆ ಎಡೆ ಸಿಗಬಹುದಾ? ಈ ಮೂರರಲ್ಲಿ ಒಂದಕ್ಕಾದರೂ ಹೌದು ಎಂಬ ಉತ್ತರ ಬರುವವರೆಗೆ ಚಕ್ರ ಕೊಳ್ಳಬೇಡಿ. ಬಣ್ಣದ ಗಾಜುಲೇಪ ಹಾಕುವವರು, ಊಟದ ಪಾತ್ರೆಗಾದರೆ ಸೀಸ ಇಲ್ಲದ್ದೇ ಎಂದು ಕೇಳಿ ತನ್ನಿ.

ಚಕ್ರದ ಮುಂದೆ ಕೂರದ ಅಕ್ಕ

ಈಗ ನನ್ನ ಗುರುವಿನ ಬಗ್ಗೆ ಹೇಳಬೇಕು. ಪುತ್ತೂರಿನ ಸುತ್ತಮುತ್ತ ಕುಂಬಾರ ಮನೆತನಗಳಿವೆ. ತುಳುವಿನಲ್ಲಿ ಓಡಾರಿ ಎನ್ನುತ್ತಾರೆ. ಪುತ್ತೂರಿನಲ್ಲಿ ಅವರದೇ ಸಹಕಾರ ಸಂಘವೂ ಇದೆ. ನಾವು ಮೀನು ಸಾರಿಗೆ ಬಿಸಲೆ, ಓಡುದೋಸೆಗೆ ಓಡು ಕೊಳ್ಳುತ್ತಾ ಬಂದದ್ದು ಇವರಿಂದಲೇ. ಪೇಟೆಯ ಕ್ಲಾಸಿನ ಫೀಸು, ಬಸ್ಸು, ಸಮಯ ಯಾವುದೂ ಹೊಂದದೆ ನಾನು ಕೊನೆಗೆ ಹೋದದ್ದು ಇಂಥ ಒಂದು ಮನೆಗೆ. ಕ್ಲಾಸಿಗೆ ಕೊಡುವಷ್ಟೇ ಹಣ ಕೊಡುತ್ತೇನೆ, ಕಲಿಸಿ ಎಂದೆ. ಐವತ್ತು ದಾಟಿದ ಆ ಅಕ್ಕ ನಕ್ಕರು. "ನಿಮಗೆಂತಕ್ಕೆ ಅಕ್ಕ ಈ ಕೆಸರು?" ಎಂದರು. ಆದರೂ ಕಲಿಸಿದರು.

ನಮ್ಮ ದೇಶದ ಹೆಚ್ಚಿನ ಕುಂಬಾರ ಸಮುದಾಯಗಳಲ್ಲಿ ಹೆಂಗಸು ಚಕ್ರದ ಮುಂದೆ ಕೂರುವ ಪದ್ಧತಿ ಇರಲಿಲ್ಲ. ಮಣ್ಣು ಹೊರುವುದು, ತುಳಿಯುವುದು, ಕಲ್ಲು ಆರಿಸುವುದು, ಬಡಿದು ಹೊಟ್ಟೆ ಬರಿಸುವುದು, ಒಣಗಿಸುವುದು, ತಲೆಹೊರೆಯಲ್ಲಿ ಮಾರುವುದು ಎಲ್ಲ ಅವಳದು. ಚಕ್ರ ಮಾತ್ರ ಅವನದು. ಈ ಅಕ್ಕನೂ ಮೂವತ್ತು ವರ್ಷ ಹಾಗೇ ದುಡಿದವರು. ಅವರ ಗಂಡನಿಗೆ ಭುಜದ ನೋವು ಶುರುವಾದ ಮೇಲೆ ಮನೆಗೆ ಮೋಟಾರಿನ ಚಕ್ರ ಬಂತು. ಒಂದು ದೀಪಾವಳಿಯ ಮುಂಚೆ ಹಣತೆಯ ಆರ್ಡರ್ ಬಾಕಿ, ಗಂಡ ಆಸ್ಪತ್ರೆಯಲ್ಲಿ. "ಯಾರೂ ಇಲ್ಲದಾಗ ಕೂತೆ. ಇದಕ್ಕೆ ಗಂಡಸು ಹೆಂಗಸು ಗೊತ್ತಾಗುದಿಲ್ಲ ಅಕ್ಕ, ಪೆಡಲ್ ಒತ್ತಿದ್ರೆ ತಿರುಗ್ತದೆ" ಎಂದು ಹೇಳಿ ಮತ್ತೆ ನಕ್ಕರು. ಈಗ ಗಂಡ ಮಣ್ಣು ನಾದಿಕೊಡುತ್ತಾರೆ, ಇವರು ಚಕ್ರಕ್ಕೆ ಕೂರುತ್ತಾರೆ.

ಅವರು ನನಗೆ ಕಲಿಸಿದ ಬಗೆ ಕೇಳಿ. ನಾನು ಮೊದಲ ಬಾರಿಗೆ ನೆಟ್ಟಗೆ ಎತ್ತಿದ ಲೋಟವನ್ನು ದಾರದಿಂದ ನಡುವೆ ಕತ್ತರಿಸಿ ಎರಡು ಹೋಳು ಮಾಡಿದರು! ನನಗೆ ಅಳುವೇ ಬಂತು. "ಇಲ್ಲಿ ನೋಡಿ, ಬುಡ ದಪ್ಪ, ಮೇಲೆ ಕಾಗದ. ಸುಟ್ಟರೆ ಒಡಿತದೆ" ಎಂದರು. ಹಾಗೆ ಸುಮಾರು ಐವತ್ತು ಲೋಟ ಕತ್ತರಿಸಿದ್ದೇವೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂಬ ಗಾದೆ ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೆ. ಅದರ ಅರ್ಥ ತಿಳಿದದ್ದು ಆ ಅಂಗಳದಲ್ಲಿ.

ಇಲ್ಲಿ ನಗರದ ಗೃಹಿಣಿಯರಿಗೆ ಒಂದು ಮಾತು ಹೇಳಲೇಬೇಕು. ನಮಗೆ ಚಕ್ರ ಹವ್ಯಾಸ, ಅವರಿಗೆ ಅನ್ನ. ಸರ್ಕಾರದ ಪಿ.ಎಂ. ವಿಶ್ವಕರ್ಮ ಯೋಜನೆ 2023ರ ಸೆಪ್ಟೆಂಬರ್ 17ರಂದು ಶುರುವಾಯಿತು. 18 ಕಸುಬುಗಳಲ್ಲಿ ಕುಂಬಾರಿಕೆಯೂ ಒಂದು. ತರಬೇತಿ, ಉಪಕರಣಕ್ಕೆ 15,000 ರೂಪಾಯಿವರೆಗೆ ನೆರವು, ಶೇ. 5ರ ಬಡ್ಡಿಯಲ್ಲಿ ಸಾಲ ಇವೆಲ್ಲ ಅದರಲ್ಲಿವೆ. ಅದು ಕಸುಬಿನವರಿಗೆ, ನಮಗಲ್ಲ. "ನಾವೂ ಅರ್ಜಿ ಹಾಕುವಾ" ಎಂದು ಹೊರಡಬೇಡಿ. ಬದಲಿಗೆ ನಿಮಗೆ ಮಡಕೆ ಕೊಡುವ ಅಕ್ಕನಿಗೆ ಇದರ ವಿಷಯ ಗೊತ್ತುಂಟಾ ಎಂದು ಕೇಳಿ. ಬೆಳಗಾವಿ ಜಿಲ್ಲೆಯ ಖಾನಾಪುರದಲ್ಲಿ ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ತರಬೇತಿ ಸಂಸ್ಥೆಯೇ ಇದೆ. ಅವರ ಮಕ್ಕಳಿಗೆ ಅದು ಉಪಯೋಗವಾದೀತು.

ಅವರೇ ಒಂದು ದಿನ ನನಗೆ ಹೇಳಿದರು: "ನೀವು ಚಕ್ರ ತಕ್ಕೊಂಡ್ರೆ ಒಳ್ಳೇದೇ. ಆದ್ರೆ ಬಿಸಲೆ ಮಾತ್ರ ನಮ್ಮಿಂದಲೇ ತಕ್ಕೊಳ್ಳಿ ಆಯ್ತಾ." ನಗುತ್ತಲೇ ಹೇಳಿದ್ದು. ಆದರೆ ಅದು ತಮಾಷೆಯ ಮಾತಾಗಿರಲಿಲ್ಲ. ಮಾರಲು ಹೊರಡುವ ಗೆಳತಿಯರು ಹೂದಾನಿ, ಕಪ್ಪು, ಉಡುಗೊರೆ ವಸ್ತು ಮಾಡಿ. ಅಡುಗೆಯ ಮಡಕೆಯಲ್ಲಿ ಅವರೊಂದಿಗೆ ಪೈಪೋಟಿ ಬೇಡ.

ಎರಡನೇ ಚಕ್ರ

ಎಂಟು ತಿಂಗಳು ಅವರ ಅಂಗಳದಲ್ಲಿ ಕಲಿತ ಮೇಲೆ ನಾನು ಎರಡನೇ ಚಕ್ರದ ಮಾತೆತ್ತಿದೆ. ಈ ಸಲ ಬಾಯಲ್ಲಿ ಕೇಳಲಿಲ್ಲ, ಒಂದು ನೋಟ್‌ಬುಕ್ ತಂದು ಇವರ ಮುಂದಿಟ್ಟೆ. ಚಕ್ರಕ್ಕೆ ಎಷ್ಟು, ವೈರಿಂಗಿಗೆ ಎಷ್ಟು, ತಿಂಗಳಿಗೆ ಮಣ್ಣು ಎಷ್ಟು, ಸುಡಲು ಎಷ್ಟು, ನನ್ನ ಉಳಿತಾಯ ಎಷ್ಟು. ಎಲ್ಲ ಓದಿ "ಸುಡುವುದು ಅಕ್ಕನ ಆವಿಗೆಯಲ್ಲಾ?" ಎಂದು ಒಂದೇ ಪ್ರಶ್ನೆ ಕೇಳಿದರು. ಅತ್ತೆ ಮಾತ್ರ "ಈ ಸಲ ಗ್ರೈಂಡರಿನಷ್ಟು ಗಟ್ಟಿ ಉಂಟಾ ನೋಡಿ ತಾ" ಎಂದರು.

ಮಂಗಳೂರಿನಲ್ಲಿ ಸ್ಟುಡಿಯೋ ಮುಚ್ಚಿದವರೊಬ್ಬರಿಂದ ಅರ್ಧ ಎಚ್.ಪಿ.ಯ ಬೆಲ್ಟಿನ ಹಳೆಯ ಚಕ್ರ ತಂದೆ. ಹಳೆಯದು ಕೊಳ್ಳುವುದರಲ್ಲಿ ಅವಮಾನ ಏನೂ ಇಲ್ಲ. ತಟ್ಟೆ ಹಿಡಿದು ಅಲ್ಲಾಡಿಸಿ ನೋಡಿ, ಆಡಿದರೆ ಬೇರಿಂಗ್ ಹೋಗಿದೆ. ತಟ್ಟೆಯ ಅಂಚಿಗೆ ಪೆನ್ಸಿಲ್ ಹಿಡಿದು ತಿರುಗಿಸಿ, ಒಂದೊಮ್ಮೆ ತಾಗಿ ಒಂದೊಮ್ಮೆ ತಾಗದಿದ್ದರೆ ತಟ್ಟೆ ಓರೆಯಾಗಿದೆ. ಬೆಲ್ಟಿನಲ್ಲಿ ಬಿರುಕು, ಅಡಿಯಲ್ಲಿ ತುಕ್ಕು, ಪೆಡಲಿನ ವೈರು ಇಷ್ಟು ನೋಡಿದರೆ ಸಾಕು. ನಮ್ಮ ಕರಾವಳಿಯಲ್ಲಿ ವರ್ಷಕ್ಕೆ 3,500 ಮಿ.ಮೀ.ಗೂ ಮಿಕ್ಕಿ ಮಳೆ ಬರುವುದರಿಂದ ಕಬ್ಬಿಣದ ಭಾಗಗಳಿಗೆ ಮಳೆಗಾಲದಲ್ಲಿ ಎಣ್ಣೆ ಪಸೆ ಬೇಕೇ ಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪಾತ್ರೆ ಒಣಗಲು ವಾರಗಟ್ಟಲೆ ಹಿಡಿಯುತ್ತದೆ ಎಂಬುದೂ ನೆನಪಿರಲಿ.

ಕೊಳ್ಳುವ ಮುನ್ನ ಕೇಳಿಕೊಳ್ಳಿ

* ಚಕ್ರವಿಲ್ಲದೆ ಎರಡು ತಿಂಗಳು ಕೆಲಸ ಮಾಡಿದ್ದೇನೆಯೇ?
* ಬೇರೆಯವರ ಚಕ್ರದಲ್ಲಿ ಹತ್ತು ಸಲ ಕೂತಿದ್ದೇನೆಯೇ? ಬೆನ್ನು ಏನು ಹೇಳಿತು?
* ಎರಡು ಮೂರು ಕಿಲೋ ಮಣ್ಣಿಟ್ಟು ನಿಧಾನ ವೇಗದಲ್ಲಿ ಒತ್ತಿ ನೋಡಿದೆನೇ?
* ಒಂದು ಗಂಟೆ ಓಡಿದ ಮೇಲೆ ಮೋಟಾರು ಎಷ್ಟು ಬಿಸಿ?
* ಊರಿನಲ್ಲೇ ರಿಪೇರಿ ಆಗುತ್ತದೆಯೇ? ಬೆಲ್ಟು ಸಿಗುತ್ತದೆಯೇ?
* ಅರ್ಥಿಂಗ್, ಆರ್‌ಸಿಸಿಬಿ ಆಯಿತೇ?
* ಸುಡುವ ಜಾಗ ಗೊತ್ತಾಗಿದೆಯೇ?
* ಚಕ್ರದ ಬೆಲೆಯಷ್ಟೇ ಅಲ್ಲ, ಒಂದು ವರ್ಷದ ಮಣ್ಣು ಮತ್ತು ಸುಡುವ ಖರ್ಚು ಬರೆದಿಟ್ಟಿದ್ದೇನೆಯೇ?

ಎಂಟರಲ್ಲಿ ಆರಕ್ಕೆ ಸರಿಯಾದ ಉತ್ತರ ಇದ್ದರೆ ಧೈರ್ಯವಾಗಿ ಹೋಗಿ. ಕರೆಂಟಿನದು ಮತ್ತು ಸುಡುವ ಜಾಗದ್ದು ಆ ಆರರಲ್ಲಿ ಇರಲೇಬೇಕು. ಯಾರಾದರೂ "ಈ ವಯಸ್ಸಿಗೆ ಇದೆಲ್ಲ ಎಂತಕ್ಕೆ?" ಎಂದರೆ ಉತ್ತರ ಕೊಡುತ್ತಾ ಕೂರಬೇಡಿ. ಐವತ್ತು ದಾಟಿದ ಮೇಲೆ ಮೊದಲ ಸಲ ಪೆಡಲ್ ಒತ್ತಿದ ಅಕ್ಕನನ್ನು ನೆನೆಸಿಕೊಂಡು ಮಣ್ಣು ನಾದಿ.

ಗೆಳತಿಗೆ ವಾರ ಕಳೆದು ನಾನೇ ಫೋನ್ ಮಾಡಿದೆ. ಇಷ್ಟನ್ನೂ ಹೇಳಿದೆ. ಅವಳು ಆರ್ಡರ್ ಮಾಡಿಲ್ಲ, ಸದ್ಯಕ್ಕೆ ಲಟ್ಟಣಿಗೆಯಲ್ಲಿ ಟ್ರೇ ಮಾಡುತ್ತಿದ್ದಾಳಂತೆ. ಗಂಡನೂ ಮಗನೂ ಜೊತೆಗೆ ಕೂರುತ್ತಾರಂತೆ. ಅಂದ ಹಾಗೆ, ನಮ್ಮ ಅಟ್ಟದ ಪುಟ್ಟ ಚಕ್ರವೂ ಕೆಳಗಿಳಿದಿದೆ. ಭಾರ ಎಳೆಯಲು ಅದಕ್ಕೆ ಆಗುವುದಿಲ್ಲ ನಿಜ, ಆದರೆ ಸುಟ್ಟ ಹಣತೆಯನ್ನು ಮೇಲಿಟ್ಟು ಮೆಲ್ಲ ತಿರುಗಿಸುತ್ತಾ ಬಣ್ಣದ ಗೆರೆ ಎಳೆಯಲು ಬಹಳ ಲಾಯ್ಕ ಆಗುತ್ತದೆ. ಮಗಳು ಶಾಲೆಯಿಂದ ಬಂದವಳೇ ಅದರ ಮುಂದೆ ಕೂರುತ್ತಾಳೆ.

ನಿಮ್ಮ ಮನೆಯ ಅಟ್ಟದಲ್ಲೂ ಹೀಗೆ ಮಲಗಿದ ಆಸೆ ಯಾವುದಾದರೂ ಉಂಟಾ? ಒಮ್ಮೆ ಏಣಿ ಹಾಕಿ ನೋಡಿ.